ನೀಲಕ್ಕ, ಕರೀ ಕೊಕ್ಕರೆ, ಹನ್ನೆರಡನೇ ಬಾಗಿಲು

ಯಲಹಂಕ ಪಕ್ಕದ ಅಟ್ಟೂರು ಲೇಔಟಲ್ಲಿ ನೀಲಕ್ಕನ ಖಾನಾವಳಿ ಅಂತ ಒಂದಿತ್ತು. ಅಲ್ಲಿನ ಜೋಳದ ರೊಟ್ಟಿ ಎಷ್ಟು ತೆಳ್ಳಗೆ ಅಂದ್ರೆ, ಕಣ್ಣಿಗೆ ಅಡ್ಡ ಹಿಡ್ಕೊಂಡು ಪೇಪರ್ ಓದಬಹುದಿತ್ತು. ಹೆಡ್ಡಿಂಗ್ ಅಲ್ಲ, ಟೆಂಡರ್ ನೋಟೀಸು. ಜಾಲಹಳ್ಳಿ ಕಡೆ ಫ್ಯಾಕ್ಟರೀಲಿ ಇನ್‌ಸ್ಪೆಕ್ಟರ್ ಆಗಿದ್ದ ಒಬ್ರು ಇದನ್ನ ನಂಬದೆ, ಜೇಬಲ್ಲಿ ದಪ್ಪ ಅಳೆಯೋ ವರ್ನಿಯರ್ ಇಟ್ಕೊಂಡೇ ಊಟಕ್ಕೆ ಬಂದ್ರು. ನಲವತ್ತೆರಡು ರೊಟ್ಟಿ ಅಳೆದ್ರು, ನಲವತ್ತೆರಡೂ ಒಂದೇ ದಪ್ಪ. ನಲವತ್ಮೂರನೇದು ಮಾತ್ರ ಕೂದಲೆಳೆಯಷ್ಟು ಜಾಸ್ತಿ ಬಂತು. ಸಿಕ್ಕಿಬಿತ್ತು ಅಂತ ಖುಷಿಯಾಗಿ ಬಿಡಿಸಿ ನೋಡಿದ್ರೆ, ಅದು ಒಂದಲ್ಲ, ಎರಡು ರೊಟ್ಟಿ.

ಇದರಲ್ಲಿ ಅರ್ಧ ತೆಗೆದು ಹಾಕಿ, ಪರವಾಗಿಲ್ಲ. ಉಳಿದರ್ಧಕ್ಕೇ ಸಂಜೆ ಏಳು ಗಂಟೆಗೆ ನಲವತ್ತು ಜನ ಬೀದೀಲಿ ಸಾಲು ನಿಲ್ತಿದ್ರು. ಎಲ್ಲಾ ಉತ್ತರ ಕರ್ನಾಟಕದ ಹುಡುಗರು, ಫ್ಯಾಕ್ಟರಿಯೋರು, ಕಾಲೇಜಿನೋರು. ಒಳಗಿಂದ ಪಟ ಪಟ ಪಟ ಪಟ ಅಂತ ರೊಟ್ಟಿ ಬಡಿಯೋ ಸದ್ದು ಕೇಳ್ತಿದ್ರೆ ಅವರಿಗೆ ಊರಿಗೆ ಹೋದಂಗೇ.

ಈ ನೀಲಕ್ಕ ನವಲಗುಂದದ ಕಡೆಯೋಳು. ಮೂವತ್ತೊಂದನೇ ವಯಸ್ಸಿಗೆ ಗಂಡ ತೀರ್ಕೊಂಡ. ಮಕ್ಕಳಿರಲಿಲ್ಲ. ಅಣ್ಣ ಪಂಚಪ್ಪ ಅವತ್ತೇ ಬಂದು ತವರಿಗೆ ಕರ್ಕೊಂಡು ಹೋದ. ಅಣ್ಣನ ಮನೇಲಿ ಹತ್ತು ವರ್ಷ ಇದ್ಲು. ಅಲ್ಲಿ ಯಾರೂ ಅವಳಿಗೆ ಒಂದು ಬಿರುಸು ಮಾತು ಆಡ್ಲಿಲ್ಲ, ಒಂದು ಕೆಲಸಾನೂ ಹೇಳ್ಲಿಲ್ಲ. ಅಡುಗೆಮನೆ ಬಾಗಿಲಿಗೆ ಬಂದ್ರೆ ಸಾಕು, ಅತ್ತಿಗೆ "ನೀ ಕುಂದ್ರವ್ವಾ" ಅಂತ ಮಣೆ ಹಾಕೋಳು. ಕೂತೂ ಕೂತೂ ನೀಲಕ್ಕನಿಗೆ, ತಾನು ಮನುಷ್ಯಳೋ ಇಲ್ಲಾ ಗೋಡೆಗೆ ಒರಗಿಸಿಟ್ಟ ಒನಕೆಯೋ ಅಂತ ಅನುಮಾನ ಬರೋಕೆ ಶುರುವಾಯ್ತು. ಪ್ರೀತಿಯಿಂದ ಕೂರಿಸಿದ್ರು, ಅದರಿಂದಲೇ ಎದ್ದು ಹೋಗೋದು ಕಷ್ಟವಾಯ್ತು. ಬೈದಿದ್ರೆ ಒಂದೇ ದಿನಕ್ಕೆ ಹೊರಟುಬಿಡ್ತಿದ್ಲು.

ಎರಡು ಸಾವಿರದ ಒಂಬತ್ತರಲ್ಲಿ ಅವರೂರಿನ ಆರು ಹುಡುಗರು ಯಲಹಂಕದಲ್ಲಿ ರೂಮು ಮಾಡಿ, ಹೋಟೆಲ್ ಊಟಕ್ಕೆ ಹೊಟ್ಟೆ ಕೆಟ್ಟು, "ಅಕ್ಕಾ, ಬಂದು ಎರಡು ರೊಟ್ಟಿ ಹಾಕ್ರಿ" ಅಂತ ಫೋನ್ ಮಾಡಿದ್ರು. ಫೋನ್ ಇಡೋದರೊಳಗೆ ನೀಲಕ್ಕ ಸೀರೆ ಮಡಚಿ ಚೀಲಕ್ಕೆ ಹಾಕಿದ್ಲು. ಆರು ಜನ ನಲವತ್ತಾದ್ರು. ಮುನಿರತ್ನ ಅನ್ನೋರ ಮೂರಂತಸ್ತಿನ ಬಿಲ್ಡಿಂಗಲ್ಲಿ ಕೆಳಗಿನ ಅಂಗಡಿ ಖಾನಾವಳಿ ಆಯ್ತು. ಈ ಮುನಿರತ್ನಂದು ಹಳೇ ಅಟ್ಟೂರಿನ ಮನೆತನ. ಬಿಲ್ಡಿಂಗ್ ನಿಂತಿರೋ ಜಾಗದಲ್ಲಿ ಅವರ ತಾತ ರಾಗಿ ಬೆಳೀತಿದ್ರು. ಈಗ ಬಾಡಿಗೆಯೋರು ಇದ್ದರೂ ಅವರು ಬೆಳಿಗ್ಗೆ ಸಂಜೆ ಒಂದು ಸುತ್ತು ಹಾಕಿ, ದನ ಎಣಿಸಿದಂಗೆ ಮನೆಮನೆಗೂ ಇಣುಕಿ ನೋಡೋರು.

ಹದಿನಾಲ್ಕನೇ ಇಸವಿ, ಶ್ರಾವಣ. ಗಿರಣಿಯಿಂದ ಹಿಟ್ಟಿನ ಡಬ್ಬ ಹೊತ್ಕೊಂಡು ಇಳಿಯೋವಾಗ ನೀಲಕ್ಕನ ಕಾಲು ಒದ್ದೆ ಮೆಟ್ಟಿಲ ಮೇಲೆ ಜಾರಿತು. ಬೇರೆಯೋರಾಗಿದ್ರೆ ಡಬ್ಬ ಬಿಟ್ಟು ಕೈ ಉಳಿಸ್ಕೋತಿದ್ರು. ಈಕೆ ಡಬ್ಬ ಎತ್ತಿ ಹಿಡಿದು, ಬಲಗೈ ಮೇಲೆ ಬಿದ್ಲು. ಹಿಟ್ಟು ಒಂದು ಚಮಚ ಚೆಲ್ಲಲಿಲ್ಲ. ಮಣಿಕಟ್ಟು ಎರಡು ಕಡೆ ಮುರೀತು.

ಏಳು ವಾರ ಪ್ಲಾಸ್ಟರ್, ಖಾನಾವಳೀಲಿ ಬರೀ ಅನ್ನ ಸಾರು. ಬಿಚ್ಚಿದಾಗ ಕೈ ಒಣಗಿದ ನುಗ್ಗೇಕಾಯಿ ಥರ ಆಗಿತ್ತು. ಡಾಕ್ಟರು ಒಂದು ರಬ್ಬರ್ ಚೆಂಡು ಕೊಟ್ಟು, ದಿನಾ ಇದನ್ನ ಹಿಸುಕಮ್ಮಾ, ನಿಧಾನಕ್ಕೆ ಬರುತ್ತೆ ಅಂದ್ರು. ನೀಲಕ್ಕ ನಿಧಾನಕ್ಕೆ ಅನ್ನೋ ಮಾತು ಕೇಳಿಸ್ಕೊಳ್ಳಲಿಲ್ಲ. ಅವತ್ತು ಸಂಜೆನೇ ರೊಟ್ಟಿ ಬಡಿಯೋ ಹಲಗೆ ಮುಂದೆ ಕೂತ್ಲು. ಹೊರಗೆ ಹುಡುಗರೆಲ್ಲಾ ಸದ್ದು ಕೇಳಿ ಚಪ್ಪಾಳೆ ತಟ್ಟಿದ್ರು. ಹತ್ತು ರೊಟ್ಟಿ ಸರಿ ಬಂತು. ಹನ್ನೊಂದನೇದು ಬಡೀತಾ ಇದ್ದಂಗೆ ಕೈ ನಿಂತುಬಿಡ್ತು. ನೋವು ಅಂತಲ್ಲ, ಯಾರೋ ಫ್ಯೂಸ್ ಕಿತ್ತಂಗೆ, ಸುಮ್ಮನೆ ನಿಂತ್ಹೋಯ್ತು. ರೊಟ್ಟಿ ಹಲಗೆಗೆ ಅಂಟ್ತು. ಎತ್ತೋಕೆ ಹೋದ್ರೆ ಮೂರು ತುಂಡಾಗಿ ಒಂದು ತುಂಡು ಒಲೆಗೆ ಬಿತ್ತು.

ಹೊರಗೆ ಚಪ್ಪಾಳೆ ನಿಂತಿತು.

ನೀಲಕ್ಕ ಒಲೆ ಆರಿಸಿ ಎದ್ಲು. ಹಲಗೆ ತೊಳೆದು ಗೋಡೆಗೆ ನಿಲ್ಲಿಸಿದ್ಲು. ಜೊತೇಲಿ ಕೆಲಸ ಮಾಡ್ತಿದ್ದ ನೂರ್‌ಜಹಾನ್, ಯಲಹಂಕದ ಹಳೇಪೇಟೆಯೋಳು, "ಇನ್ನೊಂದ್ಸಲಿ ನೋಡಕ್ಕಾ, ಅಭ್ಯಾಸ ತಪ್ಪೋಗಿದೆ ಅಷ್ಟೇ" ಅಂದ್ಲು.

"ಅನ್ನದ ಮ್ಯಾಲೆ ಅಭ್ಯಾಸ ಮಾಡಬಾರ್ದು, ನೂರ್‌ಜಹಾನ. ಕೈ ಸರಿ ಆಗೋತನಕ ನಾ ಹಿಟ್ಟು ಮುಟ್ಟಂಗಿಲ್ಲ."

"ಹಿಟ್ಟು ಮುಟ್ಟದೆ ಕೈ ಸರಿ ಆಗೋದು ಹೆಂಗೆ?"

ಅವತ್ತಿಂದ ನೂರ್‌ಜಹಾನ್ ಚಪಾತಿ ಲಟ್ಟಿಸೋಕೆ ಶುರು ಮಾಡಿದ್ಲು. ಚಪಾತಿ ಚೆನ್ನಾಗೇ ಇತ್ತು. ಆದ್ರೆ ಚಪಾತಿ ಎಲ್ಲಾ ಕಡೆ ಸಿಗುತ್ತೆ. ತಿಂಗಳಲ್ಲಿ ನಲವತ್ತು ಜನ ಹದಿನೇಳಾದ್ರು.

ನೂರ್‌ಜಹಾನಳ ಪ್ರಶ್ನೆಗೆ ಉತ್ತರ ಬಂದಿದ್ದು ಮೇಲಿನ ಮಹಡಿಯಿಂದ. ಅಲ್ಲಿ ಹೇಮಂತ ಅಂತ, ಅದೇ ಮೊದಲಿನ ಆರು ಜನರಲ್ಲಿ ಒಬ್ಬ, ಇಪ್ಪತ್ತೇಳು ವರ್ಷದೋನು, ಬಸ್ಸಿನ ಬಿಡಿಭಾಗ ಮಾಡೋ ಫ್ಯಾಕ್ಟರೀಲಿ ಫಿಟ್ಟರು. ಅವನಿಗೆ ವಿಡಿಯೋ ಗೇಮಿನ ಹುಚ್ಚು. ಅದರಲ್ಲೂ 'ಬ್ಲ್ಯಾಕ್ ಹೆರನ್', ಅಂದ್ರೆ ಕರೀ ಕೊಕ್ಕರೆ, ಅಂತ ಒಂದು ಗೇಮು. ಅದರಲ್ಲಿ ಕೊಕ್ಕರೆ ಮುಖವಾಡ ಹಾಕ್ಕೊಂಡ ಒಬ್ಬ ಕತ್ತಿವೀರ. ಹದಿನೈದು ವರ್ಷದಿಂದ ಒಂದಾದ ಮೇಲೊಂದು ಭಾಗ ಬರ್ತಾನೇ ಇತ್ತು. ಹನ್ನೊಂದು ಭಾಗದಲ್ಲಿ ಆ ಕೊಕ್ಕರೆ ಕಡಿಯದಿದ್ದ ತಲೆ ಇಲ್ಲ. ಕಡಿಯೋಕೆ ಯಾರೂ ಉಳೀಲಿಲ್ಲ ಅಂತಲೋ ಏನೋ, ಕಂಪನಿಯೋರು ಬೇರೆ ಥರದ್ದೊಂದು ಗೇಮು ತಂದ್ರು. ಅದೇ ಕೊಕ್ಕರೆ, ಅದೇ ಕತ್ತಿ, ಆದ್ರೆ ಇದರಲ್ಲಿ ತಾಳ ಹಾಕ್ಬೇಕು. ಟಿವಿ ಮುಂದೆ ಒಂದು ಪ್ಲಾಸ್ಟಿಕ್ ಡೋಲು ಇಟ್ಕೊಂಡು ಕೂರಬೇಕು. ಹಾಡು ಬರುತ್ತೆ, ಜೊತೆಗೆ ಪರದೆ ಮೇಲೆ ಬಲಗಡೆಯಿಂದ ಕೆಂಪು ಮಣಿಗಳು ಉರುಳ್ಕೊಂಡು ಬರ್ತವೆ. ಮಣಿ ಎಡಗಡೆ ಇರೋ ಬಳೆಯೊಳಗೆ ಬಿದ್ದ ಹೊತ್ತಿಗೆ ಸರಿಯಾಗಿ ಡೋಲು ಹೊಡೆದ್ರೆ ಕೊಕ್ಕರೆ ಒಂದು ಹೆಜ್ಜೆ ಮುಂದೆ ಹೋಗುತ್ತೆ. ತಪ್ಪಿದ್ರೆ, ಮೇಲೆ ಉರೀತಿರೋ ಹತ್ತು ದೀಪದಲ್ಲಿ ಒಂದು ಆರುತ್ತೆ. ಹತ್ತೂ ಆರಿದ್ರೆ ಕೊಕ್ಕರೆ ಸತ್ತಂಗೆ. ಹನ್ನೆರಡು ಹಾಡು, ಹನ್ನೆರಡು ಬಾಗಿಲು.

ಒಂದು ಮಧ್ಯಾಹ್ನ ನೀಲಕ್ಕ, ಊಟಕ್ಕೆ ಬಾರದೋರ ಕಾರಣ ಕೇಳೋಕೆ ಮೇಲೆ ಹತ್ತಿ ಬಂದ್ಲು. ಹೇಮಂತ ಎರಡು ಕೋಲು ಹಿಡ್ಕೊಂಡು ಆ ಡೋಲನ್ನ ಬಡೀತಿದ್ದ. ನೀಲಕ್ಕ ಬಾಗಿಲಲ್ಲಿ ನಿಂತು ಎರಡು ಹಾಡು ನೋಡಿದ್ಲು.

"ಏನ್ ಬಡೀತೀಯೋ, ಹೊಲದಾಗ ಹಕ್ಕಿ ಓಡಿಸಿದಂಗ. ಸರಿ ಅತ್ತಾಗ."

ಕೋಲುಗಳನ್ನ ಪಕ್ಕಕ್ಕೆ ಎಸೆದು, ಡೋಲನ್ನ ಮುಂದೆ ಎಳ್ಕೊಂಡು, ಅಂಗೈ ಅಗಲ ಮಾಡಿ ಕೂತ್ಲು. ಅಭ್ಯಾಸಬಲ ನೋಡಿ, ಪಕ್ಕದಲ್ಲಿದ್ದ ನೀರಿನ ಚೊಂಬಿಗೆ ಕೈ ಅದ್ದೋಕೆ ಹೋದ್ಲು. "ಅಕ್ಕಾ, ಕರೆಂಟಿಂದು ಅದು" ಅಂತ ಹೇಮಂತ ಚೊಂಬು ಎತ್ಕೊಂಡು ಓಡಿದ.

"ಹಂಗಾರ ಕೈಗೆ ಹಚ್ಕೊಳ್ಳಾಕ ಏನರ ಪುಡಿ ಕೊಡು."

ಅವನು ಮುಖಕ್ಕೆ ಹಾಕ್ಕೊಳ್ಳೋ ಪೌಡರ್ ಕೊಟ್ಟ. ಮೊದಲನೇ ಬಾಗಿಲ ಹಾಡು ಎರಡೂವರೆ ನಿಮಿಷ, ಎತ್ತಿನಗಾಡಿ ಥರ ನಿಧಾನ. ನಲವತ್ತು ಸೆಕೆಂಡಿಗೆ ನೀಲಕ್ಕನ ಕೈ ನಿಂತಿತು. ಹತ್ತು ದೀಪ ಆರಿ ಕೊಕ್ಕರೆ ಬಿತ್ತು. ಆದ್ರೆ ರೊಟ್ಟಿ ಹರೀಲಿಲ್ಲ, ಅನ್ನ ಒಲೆಗೆ ಬೀಳ್ಲಿಲ್ಲ. ನೀಲಕ್ಕ ಸೆರಗಿಗೆ ಕೈ ಒರೆಸ್ಕೊಂಡು ಕೇಳಿದ್ಲು.

"ಇದು ಎಷ್ಟು ಬಾಗಿಲ ಅಂದಿ?"

"ಹನ್ನೆರಡು."

"ಹನ್ನೆರಡನೇ ಬಾಗಿಲ ದಾಟಿದ ದಿನ ಹಿಟ್ಟು ಮುಟ್ತೀನಿ. ಹಚ್ಚು ಮತ್ತ."

ಹಿಂಗೆ ಶುರುವಾಯ್ತು. ದಿನಾ ಮಧ್ಯಾಹ್ನ ಮೂರರಿಂದ ಐದು, ಊಟ ಮುಗಿದು ರಾತ್ರಿ ಅಡುಗೆ ಶುರುವಾಗೋ ತನಕ. ಹೇಮಂತನಿಗೆ ಆಗ ಮೊದಲನೇ ಶಿಫ್ಟು, ಎರಡೂವರೆಗೆ ರೂಮಿಗೆ ಬರ್ತಿದ್ದ. ಬರೀ ಬಲಗೈ. ಎಡಗೈಯನ್ನ ತೊಡೆ ಕೆಳಗೆ ಇಟ್ಕೊಂಡು ಅದರ ಮೇಲೆ ಕೂರೋಳು. ಹೇಮಂತ ಒಂದ್ಸಲ ಪಾಪ ಅನಿಸಿ, "ಎರಡೂ ಕೈಲೆ ಬಡೀರಿ ಅಕ್ಕಾ, ಗೇಮಿಗೆ ಗೊತ್ತಾಗಂಗಿಲ್ಲ" ಅಂದ.

"ಗೇಮಿಗೆ ಗೊತ್ತಾಗಂಗಿಲ್ಲ. ಹಂಚಿಗೆ ಗೊತ್ತಾಗ್ತೈತಿ."

ಮೊದಲ ವಾರ ಮೂರು ಬಾಗಿಲು ದಾಟಿದ್ಲು. ಮೂರು ವಾರಕ್ಕೆ ಎಂಟು. ಹೇಮಂತನ ಪೌಡರ್ ಡಬ್ಬಿ ನಾಲ್ಕು ಖಾಲಿಯಾದವು. ಅವನು ಹೋದಕಡೆಯೆಲ್ಲಾ ಮಲ್ಲಿಗೆ ವಾಸನೆ ಬಂದು ಫ್ಯಾಕ್ಟರೀಲಿ ಅವನಿಗೆ ಮದುವೆ ಗೊತ್ತಾಗಿದೆ ಅಂತ ಸುದ್ದಿ ಹಬ್ಬಿತು. ಮುನಿರತ್ನ ಒಂದಿನ ಸುತ್ತು ಹಾಕೋಕೆ ಬಂದೋರು ಸದ್ದು ಕೇಳಿ ಮೇಲೆ ಹತ್ತಿದ್ರು.

"ಇದೇನಮ್ಮ ನೀಲಕ್ಕ, ಕೆಳಗೆ ಒಲೆ ತಣ್ಣಗದೆ, ಮೇಲೆ ಇಂಗೆ ಆಟ ಆಡ್ಕೊಂಡ್ ಕುಂತಿದ್ದೀಯ?"

"ಆಟ ಅಲ್ರೀ ಮಾಲಕರ, ಔಷಧ."

"ಏನೋಪ್ಪ. ಬೇಕರಿಯೋರು ಒಬ್ರು ಅಂಗಡಿ ಕೇಳ್ತಾವ್ರೆ. ನಾನೇನು ಎದ್ದೇಳು ಅಂತ ಏಳಲ್ಲ. ಆದ್ರೆ ಮುಂದಿನ ತಿಂಗ್ಳು ಇರ್ತೀಯೋ ಓಗ್ತೀಯೋ, ಒಂದ್ ಮಾತು ಏಳ್ಬುಡು."

ಅದೇ ವಾರ ಊರಿಂದ ಪಂಚಪ್ಪನ ಫೋನ್ ಬಂತು. ಹುಡುಗರ ಬಾಯಿಂದ ಅವನಿಗೆ ಎಲ್ಲಾ ಗೊತ್ತಾಗಿತ್ತು. "ಐತವಾರ ಬರ್ತೀನಿ, ತಯಾರಾಗಿರು. ಒಂದು ಕೈಲೆ ಆ ಊರಾಗ ಏನ್ ಮಾಡ್ತಿ? ನಿನ್ನ ವೈನಿ ಆಗಲೇ ನಿನ್ನ ಖೋಲಿ ಸಾರ್ಸಿ ಇಟ್ಟಾಳ."

ನೀಲಕ್ಕನ ಕಣ್ಣಿಗೆ ಅತ್ತಿಗೆ ಸಾರಿಸಿಟ್ಟ ಆ ರೂಮು ಕಂಡಿತು, ಮಣೆ ಕಂಡಿತು. "ಕೈ ಸರಿ ಆಗೇತಿ ಅಣ್ಣಾ" ಅಂದ್ಲು.

"ಹಂಗಾರ ರೊಟ್ಟಿ ಬಡಿಯಾಕತ್ತೀ ಏನು?"

ಇನ್ನೊಂದು ಸುಳ್ಳು ಹೇಳೋಕೆ ಬಾಯಿ ಬರ್ಲಿಲ್ಲ. ಆಣೆ, ಗೇಮು, ಕೊಕ್ಕರೆ ಎಲ್ಲಾ ಹೇಳಿದ್ಲು. ತಂಗಿಯ ಕೈಗೆ ಮಾತ್ರ ಅಲ್ಲ, ತಲೆಗೂ ಪೆಟ್ಟಾಗಿದೆ ಅಂತ ಪಂಚಪ್ಪ ಅಂದ್ಕೊಂಡಿರ್ಬೇಕು. ಕೊನೆಗೆ ನೀಲಕ್ಕನೇ ಅಂದ್ಲು: "ನೀ ಬಾ. ನಿನ್ನ ಮುಂದ ಒಂದ ಸಲ ಆಡಿ ತೋರಿಸ್ತೀನಿ. ಹನ್ನೆರಡನೇ ಬಾಗಿಲ ದಾಟಿದ್ರ ನೀ ಒಬ್ಬನ ಹೋಗು. ದಾಟಲಿಲ್ಲಂದ್ರ ನಾ ಚೀಲಾ ಹಿಡ್ಕೊಂಡು ನಿನ್ನ ಬೆನ್ನ ಹಿಂದ ಬರ್ತೀನಿ. ಮಾತು ಮಾತ."

ಫೋನ್ ಇಟ್ಟಾಗ ಮಂಗಳವಾರ, ಭಾನುವಾರಕ್ಕೆ ಇನ್ನೈದು ದಿನ. ಹನ್ನೊಂದು ಬಾಗಿಲು ದಾಟಿ ಆಗಿತ್ತು. ಉಳಿದದ್ದು ಒಂದೇ ಅಂತ ಅವಳ ಧೈರ್ಯ.

ಆ ಒಂದೇ ಬೇರೆ ಥರ ಇತ್ತು. ನಾಲ್ಕು ನಿಮಿಷ ನಲವತ್ತು ಸೆಕೆಂಡಿನ ಹಾಡು. ಓಟ ಓಟ ಓಟ. ಅದರ ಬಡಿತಕ್ಕೆ ನೀಲಕ್ಕನ ಕೈ ಹೆಂಗೋ ಹೊಂದ್ಕೊಂತು. ಆದ್ರೆ ಕೊನೇ ಅರ್ಧ ನಿಮಿಷಕ್ಕೆ ಮುಂಚೆ, ಒಂದು ಗವಿ ಬರುತ್ತೆ. ಗವಿಯಲ್ಲಿ ಬೆಟ್ಟದಂಥ ಒಂದು ಹಾವು ಮಲಗಿರುತ್ತೆ. ಅದರ ಮುಂದೆ ಕೊಕ್ಕರೆ ಒಂಟಿ ಕಾಲಲ್ಲಿ ಅಲ್ಲಾಡದೆ ನಿಲ್ಲುತ್ತೆ. ಹಾಡು ನಿಲ್ಲುತ್ತೆ, ಮಣಿಗಳು ನಿಲ್ತವೆ. ಒಂದರಿಂದ ಎಂಟು ಎಣಿಸೋಷ್ಟು ಹೊತ್ತು ಡೋಲು ಮುಟ್ಟಬಾರ್ದು. ಒಂದೇ ಒಂದು ಏಟು ಬಿದ್ರೆ ಹಾವು ಎದ್ದು ಕೊಕ್ಕರೆಯನ್ನ ನುಂಗುತ್ತೆ. ಆಮೇಲೆ ಹತ್ತಕ್ಕೆ ಹತ್ತು ದೀಪ ಉರೀತಿದ್ರೂ ಪ್ರಯೋಜನ ಇಲ್ಲ.

ನೀಲಕ್ಕನ ಕೈ ಅಲ್ಲಿ ನಿಲ್ತಿರ್ಲಿಲ್ಲ.

ಮೊದಲು ಹೇಮಂತ ನಕ್ಕ. ಹತ್ತು ಸಲ ಆದ ಮೇಲೆ ನಗು ಹೋಯ್ತು. "ಅಕ್ಕಾ, ಬಡಿಯೋದು ಕಷ್ಟ, ಬಿಡೋದೇನ್ ಕಷ್ಟರೀ? ಸುಮ್ಮನ ಕೈ ಎತ್ತಿಬಿಡ್ರಿ."

"ನಿನಗ ಹೆಂಗ ಹೇಳ್ಲೋ. ರೊಟ್ಟಿ ಬಡಿಯೋವಾಗ ಕೈ ನಿಂತ್ರ ರೊಟ್ಟಿ ತಿರುಗೋದು ನಿಂದರ್ತೈತಿ. ತಿರುಗೋದು ನಿಂತ್ರ ಹಲಗಿಗೆ ಹಿಡೀತೈತಿ. ಹಿಡೀತು ಅಂದ್ರ ಹರೀತು. ಏಳು ವರ್ಷದಾಕಿ ಇದ್ದಾಗ ಹಲಗಿ ಮುಂದ ಕುಂತೀನಿ. ಕೈ ನಿಂತ್ರ ನಮ್ಮವ್ವ ಬೆನ್ನಿಗೆ ಗುದ್ದತಿದ್ಳು. ನಲವತ್ತು ವರ್ಷ ಆತು, ಇನ್ನೂ ಆ ಗುದ್ದಿಗೆ ಅಂಜಿ ಕೈ ಓಡತೈತಿ."

ಎಲ್ಲಾ ಉಪಾಯ ಮಾಡಿದ್ರು. ಬಾಯಲ್ಲಿ ಎಣಿಸಿದ್ಲು, ಬಾಯಿ ಎಂಟು ಎಣಿಸ್ತಿತ್ತು, ಕೈ ಎಂಟು ಏಟು ಹಾಕ್ತಿತ್ತು. ನಾಲಿಗೆ ಕಚ್ಚಿ ಹಿಡಿದ್ಲು. ನೂರ್‌ಜಹಾನ್ ಗವಿ ಬಂದ ತಕ್ಷಣ "ನಿಲ್ಸು" ಅಂತ ಕೂಗೋಳು. ಕೆಳಗೆ ರಸ್ತೇಲಿ ಬೈಕ್ ಓಡಿಸ್ತಿದ್ದೋನು ನಿಲ್ಲಿಸಿ ನೋಡ್ದ, ನೀಲಕ್ಕನ ಕೈ ನಿಲ್ಲಲಿಲ್ಲ. ಗುರುವಾರ ಒಟ್ಟು ಹತ್ತೊಂಬತ್ತು ಸಲ ಹಾವು ಕೊಕ್ಕರೆಯನ್ನ ನುಂಗಿತು. ಹಾವಿಗೇ ಅಜೀರ್ಣ ಆಗಿರ್ಬೇಕು ಅಂದ್ಲು ನೂರ್‌ಜಹಾನ್.

ಶನಿವಾರ ಐದು ಗಂಟೆಗೆ ಹತ್ತು ನಿಮಿಷ ಇದ್ದಾಗ ಮೊದಲ ಸಲ ಕೈ ನಿಂತಿತು. ನೀಲಕ್ಕ ಉಸಿರು ಕಟ್ಟಿ, ಕಣ್ಣು ಮುಚ್ಚಿ, ಅಂಗೈಯನ್ನ ಡೋಲಿನ ಮೇಲೆ ಒಂದು ಗೇಣು ಎತ್ತರದಲ್ಲಿ ಹಿಡ್ಕೊಂಡಿದ್ಲು. ಎಂಟು ಕಳೀತು. ಹಾವು ಮಲಗೇ ಇತ್ತು. ಆಮೇಲೆ ಹಾಡು ಮತ್ತೆ ಓಡೋಕೆ ಶುರುವಾದಾಗ ಆ ಸಂತೋಷಕ್ಕೇ ಕೈ ತಪ್ಪಿ ಹತ್ತನೇ ದೀಪ ಆರಿತು. ಬಾಗಿಲು ದಾಟಲಿಲ್ಲ. ಆದ್ರೂ ನಿಲ್ಲಿಸೋಕೆ ಆಗುತ್ತೆ ಅಂತ ಗೊತ್ತಾಯ್ತು. ಐವತ್ತು ಸಲಕ್ಕೋ ಅರವತ್ತು ಸಲಕ್ಕೋ ಒಂದು ಸಲ. ಭಾನುವಾರ ಸಿಗೋದು ಒಂದೇ ಸಲ.

ಭಾನುವಾರ ಬೆಳಗಿನ ರೈಲಿಗೆ ಪಂಚಪ್ಪ ಬಂದಿಳಿದ. ಬಿಳೀ ಧೋತರ, ಟೋಪಿ, ಕೈಯಲ್ಲಿ ಶೇಂಗಾ ಚಟ್ನಿಪುಡಿ ಡಬ್ಬಿ. ಕೆಟ್ಟ ಮನುಷ್ಯ ಅಲ್ಲ, ಮೊದಲೇ ಹೇಳಿದಂಗೆ. ಬಂದೋನೇ ತಂಗಿಯ ಬಲಗೈ ಹಿಡಿದು, ಮಣಿಕಟ್ಟನ್ನ ಹಿಂದೆ ಮುಂದೆ ತಿರುಗಿಸಿ, ದನ ಕೊಳ್ಳೋನು ಕಾಲು ನೋಡಿದಂಗೆ ನೋಡಿದ. ಖಾನಾವಳಿ ನೋಡ್ದ. ಗೋಡೆಗೆ ನಿಲ್ಲಿಸಿದ್ದ ಹಲಗೆ ಮೇಲೆ ಬೆರಳಾಡಿಸಿದ. ಬೆರಳಿಗೆ ಧೂಳು ಹತ್ತಿತು. ಅದನ್ನ ನೀಲಕ್ಕನೂ ನೋಡಿದ್ಲು.

ಮಧ್ಯಾಹ್ನ ಊಟಕ್ಕೆ ನೂರ್‌ಜಹಾನ್ ಚಪಾತಿ ಬಡಿಸಿದ್ಲು. ಪಂಚಪ್ಪ ಎರಡು ತಿಂದು ಎದ್ದ.

ಮೂರು ಗಂಟೆಗೆ ಎಲ್ಲಾ ಮೇಲೆ ಹತ್ತಿದ್ರು. ಹೇಮಂತನ ರೂಮು ಹತ್ತಡಿ ಹನ್ನೊಂದಡಿ. ಪಂಚಪ್ಪನಿಗೆ ಮಂಚ. ಮುನಿರತ್ನ, ಕರೆಯದೇ ಬಂದೋರು, ಬಾಗಿಲಲ್ಲಿ ನಿಂತ್ರು. ನೂರ್‌ಜಹಾನ್ ಕಿಟಕಿ ಹತ್ರ. ಹೇಮಂತ ವೈರು ಜೋಡಿಸ್ತಾ ಎರಡು ಸಲ ತಪ್ಪು ತೂತಿಗೆ ಹಾಕಿದ.

"ಈಗ ಇದೇನ್ ಆಗತೈತಿ?" ಅಂದ ಪಂಚಪ್ಪ.

ಹೇಮಂತ ಮಣಿ, ಬಳೆ, ದೀಪ ಎಲ್ಲಾ ಹೇಳ್ದ. ಹಾವಿನ ವಿಷಯ ಹೇಳೋಕೆ ಬಾಯಿ ತೆಗೆದ, ನೀಲಕ್ಕನ ಮುಖ ನೋಡಿ ಮುಚ್ಚಿಕೊಂಡ.

"ಅಕ್ಕಾ, ಹಚ್ಲೇನ್ರಿ?"

ನೀಲಕ್ಕ ಅಂಗೈಗೆ ಪೌಡರ್ ಹಚ್ಕೊಂಡು, ಎಡಗೈ ತೊಡೆ ಕೆಳಗಿಟ್ಟು ಕೂತಿದ್ಲು. ತಲೆ ಅಲ್ಲಾಡಿಸಿದ್ಲು.

ಹಾಡು ಶುರುವಾಯ್ತು. ಮೊದಲನೇ ನಿಮಿಷ ಹತ್ತಕ್ಕೆ ಹತ್ತು ದೀಪ. ಪಟ ಪಟ ಪಟ ಪಟ. ಪಂಚಪ್ಪ ಪರದೆ ಕಡೆ ನೋಡ್ತಾನೇ ಇರ್ಲಿಲ್ಲ. ಅವನ ಕಣ್ಣು ತಂಗಿಯ ಮಣಿಕಟ್ಟಿನ ಮೇಲೆ. ಎರಡನೇ ನಿಮಿಷಕ್ಕೆ ಒಂದು ದೀಪ ಹೋಯ್ತು. ಮೂರನೇ ನಿಮಿಷದಲ್ಲಿ ಹಾಡು ಏರುತ್ತೆ. ಮಣಿಗಳು ಮಳೆಗೆ ಮುಂಚೆ ಇರುವೆ ಸಾಲು ಬಂದಂಗೆ ಒಂದರ ಹಿಂದೊಂದು. ನೀಲಕ್ಕನ ಹಣೆಯಿಂದ ಬೆವರು ಹರಿದು ಹುಬ್ಬಿನಲ್ಲಿ ನಿಂತಿತ್ತು. ಒರೆಸ್ಕೊಳ್ಳೋಕೆ ಕೈ ಇಲ್ಲ. ಒಂದು ಕೈ ಓಡ್ತಿತ್ತು, ಇನ್ನೊಂದರ ಮೇಲೆ ಅವಳೇ ಕೂತಿದ್ಲು. ಮಣಿಕಟ್ಟಲ್ಲಿ, ಮುರಿದಿದ್ದ ಎರಡೂ ಕಡೆ, ಬಿಸಿ ಸೂಜಿ ಆಡಿಸಿದಂಗೆ ಶುರುವಾಯ್ತು. ಎರಡು ದೀಪ ಒಟ್ಟಿಗೇ ಹೋದವು. ಏಳು ಉಳಿದ್ವು.

"ಎಂಗಮ್ಮಾ..." ಅಂತ ಮುನಿರತ್ನ ಏನೋ ಶುರು ಮಾಡಿದ್ರು. ನೂರ್‌ಜಹಾನ್ ತಿರುಗಿ ನೋಡಿದ ನೋಟಕ್ಕೆ ಮಾತು ನುಂಗ್ಕೊಂಡ್ರು.

ಆರು. ಐದು. ಹನ್ನೊಂದನೇ ರೊಟ್ಟಿಯಲ್ಲಿ ಕೈ ನಿಂತದ್ದು ನೀಲಕ್ಕನಿಗೆ ನೆನಪಾಯ್ತು. ಇದು ಎಷ್ಟನೇದು? ಲೆಕ್ಕ ಹಾಕಿದ್ರೆ ಇಪ್ಪತ್ತು ರೊಟ್ಟಿಗಾಗೋಷ್ಟು ಬಡಿತ ಆಗಿತ್ತು. ಅವಳು ಲೆಕ್ಕ ಹಾಕ್ಲಿಲ್ಲ. ಭುಜ ಇಳಿಬಿಟ್ಲು, ಮೊಣಕೈ ಸಡಿಲ ಮಾಡಿದ್ಲು, ಬಡಿತವನ್ನ ಬೆರಳ ಬುಡಕ್ಕೆ ತಂದ್ಲು. ಸುಸ್ತಾದಾಗ ಹೆಂಗಸರು ರೊಟ್ಟಿ ಬಡಿಯೋದು ಹಂಗೇ. ಕೈ ಮತ್ತೆ ಓಡ್ತು. ಐದು ದೀಪ ಐದಾಗೇ ಉಳಿದ್ವು. ನಾಲ್ಕನೇ ನಿಮಿಷ ಕಳೀತು.

ಗವಿ ಬಂತು.

ಹಾಡು ನಿಂತಿತು. ಕೊಕ್ಕರೆ ಒಂಟಿ ಕಾಲು ಎತ್ತಿತು. ನೂರ್‌ಜಹಾನ್ ಸೆರಗು ಬಾಯಿಗೆ ಇಟ್ಕೊಂಡ್ಲು.

ಪಟ ಪಟ ಪಟ ಪಟ.

ಅಷ್ಟು ನಿಶ್ಶಬ್ದದಲ್ಲಿ ಅದೊಂದೇ ಸದ್ದು. ನೀಲಕ್ಕನಿಗೆ ಕೇಳಿಸ್ತಿತ್ತು, ತನ್ನ ಕೈಯಿಂದಲೇ ಬರ್ತಿದೆ ಅಂತ ಗೊತ್ತಿತ್ತು. ನಿಲ್ಲಿಸು ಅಂತ ಅವಳೇ ತನ್ನ ಕೈಗೆ ಹೇಳ್ತಿದ್ಲು. ಹಾವು ಕಣ್ಣು ತೆಗೀತು. ಕೊಕ್ಕರೆ ಹೋಯ್ತು. ಪರದೆ ಕಪ್ಪಾಗಿ ದೊಡ್ಡ ದೊಡ್ಡ ಇಂಗ್ಲಿಷ್ ಅಕ್ಷರ ಬಂದ್ವು. ಅದಾದ ಮೇಲೂ ಇನ್ನಾಲ್ಕು ಏಟು ಬಿತ್ತು. ಆಮೇಲೆ ಅವಳು ಎಡಗೈ ಎಳೆದು, ಬಲಗೈಯನ್ನ ಹಿಡಿದು ಮಡಿಲಲ್ಲಿ ಇಟ್ಕೊಂಡ್ಲು.

ಪಂಚಪ್ಪನಿಗೆ ಇಂಗ್ಲಿಷ್ ಬರ್ತಿರ್ಲಿಲ್ಲ. "ಏನ್ ಬರದೈತಿ ಅದು? ದಾಟಿದ್ಳೇನು?" ಅಂತ ಹೇಮಂತನ್ನ ಕೇಳ್ದ.

ಹೇಮಂತ ಅಕ್ಷರ ನೋಡ್ದ, ನೀಲಕ್ಕನ್ನ ನೋಡ್ದ. ಒಂದು ಸುಳ್ಳಿಗೆ ಕೆಲಸ ಆಗ್ತಿತ್ತು. ಅವನು ಬಾಯಿ ತೆಗೆಯೋಕೆ ನೀಲಕ್ಕ ಬಿಡಲಿಲ್ಲ.

"ಇಲ್ಲಣ್ಣಾ," ಅಂದ್ಲು ನೀಲಕ್ಕ. "ಸೋತೆ."

"ಯಾಕ? ದೀಪ ಐದು ಇದ್ದುವಲ್ಲ."

"ಆ ಗವಿಯಾಗ ಕೈ ನಿಂದ್ರಿಸಬೇಕಿತ್ತು. ನಿಂದ್ರಲಿಲ್ಲ."

"ನಿಂದ್ರ ಅಂದ್ರ ನಿಂದ್ರಲಿಲ್ಲ?"

"ಇಲ್ಲ."

ಪಂಚಪ್ಪ ಟೋಪಿ ತೆಗೆದು ತಲೆ ಕೆರ್ಕೊಂಡ, ಮತ್ತೆ ಹಾಕ್ಕೊಂಡ.

"ನೀಲವ್ವಾ, ಹುಡುಗರು ನನಗ ಫೋನಿನ್ಯಾಗ ಏನ್ ಹೇಳಿದ್ರು? ಅಕ್ಕನ ಕೈ ನಿಂತು ಬಿಡತೈತಿ ಕಾಕಾ ಅಂದ್ರು. ಅದಕ್ಕ ನಾ ಬಂದೆ. ಇಲ್ಲಿ ಬಂದ್ರ, ಕೈ ನಿಂದ್ರವಲ್ದು ಅಂತ ಸೋತೀನಿ ಅಂತೀ. ನಿಂದ್ರಲಾರದ ಕೈನ ಒಯ್ದು ನಾ ಮನ್ಯಾಗ ಏನ್ ಮಾಡ್ಲಿ?"

"ಮಾತು ಕೊಟ್ಟೀನಿ. ದಾಟಲಿಲ್ಲಂದ್ರ ಬರ್ತೀನಿ ಅಂದಿದ್ದೆ. ಬರ್ತೀನಿ."

"ಮಾತು ಯಾರಿಗೆ ಕೊಟ್ಟಿದ್ದಿ?"

"ನಿನಗ."

"ನಾ ಬಿಟ್ಟೆ. ಮುಗೀತು."

ನೀಲಕ್ಕನ ಮಡಿಲಲ್ಲಿ ಬಲಗೈ ಬೆರಳುಗಳು ಇನ್ನೂ ಸಣ್ಣಗೆ ಆಡ್ತಿದ್ವು.

ಬಾಗಿಲಿಂದ ಮುನಿರತ್ನ ಕೇಳಿದ್ರು, "ಅಂಗಾರೆ ಬೇಕರಿಯೋರಿಗೆ ಏನೇಳ್ಲಿ ನಾನು?"

"ಓವನ್ನು ಬೇರೆ ಕಡೆ ಇಟ್ಕೊಳ್ಳಿ ಅಂತ ಹೇಳಿ ಅಣ್ಣ," ಅಂದ್ಲು ನೂರ್‌ಜಹಾನ್.

ಪಂಚಪ್ಪ ಮಂಚದ ಮೇಲೆ ಕಾಲು ಮಡಚಿ ಕೂತ್ಕೊಂಡ. ಈಗ ಅವನ ಮುಖಕ್ಕೆ ಬೇರೆ ಕಳೆ ಬಂದಿತ್ತು. "ಆತಲ್ಲ ಎಲ್ಲಾ. ಇನ್ನ ಇಳಿದು ಹೋಗಿ ನಾಲ್ಕು ರೊಟ್ಟಿ ಹಾಕವ್ವಾ. ಹದಿನೈದು ವರ್ಷದ ಮ್ಯಾಲಾತು ನಿನ್ನ ಕೈ ರೊಟ್ಟಿ ತಿಂದು. ರಾತ್ರಿ ರೈಲಿಗೆ ಹೋಗ್ತೀನಿ."

"ಹಿಟ್ಟು ಮುಟ್ಟಂಗಿಲ್ಲ ಅಣ್ಣ. ಹನ್ನೆರಡನೇ ಬಾಗಿಲ ಇನ್ನೂ ದಾಟಿಲ್ಲ."

"ನಾ ಬಿಟ್ಟೆ ಅಂದ್ನಲ್ಲ."

"ನಿನಗ ಕೊಟ್ಟ ಮಾತು ನೀ ಬಿಟ್ಟಿ. ಇದು ಹಿಟ್ಟಿಗೆ ಕೊಟ್ಟ ಮಾತು. ಅದು ಇನ್ನೂ ಬಿಟ್ಟಿಲ್ಲ." ನೀಲಕ್ಕ ಪೌಡರ್ ಡಬ್ಬಿ ಕಡೆ ಕೈ ಚಾಚಿದ್ಲು. "ಹೇಮಂತಾ, ಹಚ್ಚಪಾ."

ರಾತ್ರಿ ರೈಲು ಪಂಚಪ್ಪನಿಲ್ಲದೇ ಹೋಯ್ತು. ರೊಟ್ಟಿ ತಿನ್ನದೆ ಹೋಗಲ್ಲ ಅಂತ ಅವನ ಹಟ, ಬಾಗಿಲು ದಾಟದೆ ಬಡಿಯಲ್ಲ ಅಂತ ಅವಳ ಹಟ. ಒಂದೇ ಹೊಟ್ಟೇಲಿ ಹುಟ್ಟಿದೋರು. ಸೋಮವಾರ ಚಪಾತಿ, ಮಂಗಳವಾರ ಚಪಾತಿ. ಅವನು ಒಂದು ವಾರ ಇದ್ದ ಅನ್ನೋರಿದ್ದಾರೆ, ಯುಗಾದಿ ಮುಗಿಸ್ಕೊಂಡು ಹೋದ ಅನ್ನೋರೂ ಇದ್ದಾರೆ. ನೂರ್‌ಜಹಾನ್ ಪ್ರಕಾರ ಬಾಗಿಲು ದಾಟಿದ್ದು ಬುಧವಾರ, ನಾಲ್ಕೂ ಕಾಲು ಗಂಟೆ. ಮೇಲಿನ ರೂಮಲ್ಲಿ ಪಟ ಪಟ ನಿಂತಿತು, ಕೆಳಗೆ ಬೇಳೆ ತೊಳೀತಿದ್ದ ಅವಳು ಒಂದರಿಂದ ಎಂಟು ಎಣಿಸಿದ್ಲು, ಮತ್ತೆ ಪಟ ಪಟ ಶುರುವಾಯ್ತು.

ಹನ್ನೆರಡನೇ ಬಾಗಿಲು ದಾಟಿದ ಮೇಲೆ ಕರೀ ಕೊಕ್ಕರೆ ಮುಖವಾಡ ತೆಗೆದು ಮೂರು ನಿಮಿಷ ಕುಣಿಯುತ್ತಂತೆ, ಆ ಮುಖ ಹದಿನೈದು ವರ್ಷದಲ್ಲಿ ಯಾರೂ ನೋಡಿಲ್ಲವಂತೆ. ಅದನ್ನ ಪೂರ್ತಿ ಕೂತು ನೋಡಿದ್ದು ಪಂಚಪ್ಪ ಮತ್ತೆ ಹೇಮಂತ ಇಬ್ಬರೇ. ನೀಲಕ್ಕ ಅಷ್ಟೊತ್ತಿಗೆ ಕೆಳಗಿಳಿದು, ಹಲಗೆ ಒರೆಸಿ, ಹಿಟ್ಟಿನ ಎಸರಿಗೆ ನೀರಿಟ್ಟಾಗಿತ್ತು.